ಬೀಜಕಣದ ಗೋಡೆ: ಪದರ ಎಣಿಸುವ ಮೊದಲು ವಯಸ್ಸು ನೋಡಿ

ಪ್ರಶ್ನೆ: ಗ್ಲೋಮಸ್ ಗುಂಪಿನ ಮೈಕೋರೈಜಾ ಶಿಲೀಂಧ್ರವನ್ನು (ಗಿಡದ ಬೇರಿನೊಂದಿಗೆ ಕೂಡಿ ಬಾಳುವ ಶಿಲೀಂಧ್ರ) ಕುಂಡದಲ್ಲಿ ಬೆಳೆಸಿದ್ದೇನೆ. ಕೆಲವು ಬೀಜಕಣಗಳ ಗೋಡೆಯಲ್ಲಿ ಮೂರು ಪದರ ಕಾಣುತ್ತವೆ, ಕೆಲವಕ್ಕೆ ಎರಡೇ. ಎರಡು ಪ್ರಭೇದಗಳು ಬೆರೆತಿರಬಹುದೇ?

ಉತ್ತರ: ಬೆರೆತಿರಬಹುದು, ಆದರೆ ಮೊದಲ ಅನುಮಾನ ವಯಸ್ಸಿನ ಮೇಲಿರಲಿ. ಈ ಗುಂಪಿನ ಹಲವು ಪ್ರಭೇದಗಳಲ್ಲಿ ಹೊರಗಿನ ಬಣ್ಣವಿಲ್ಲದ ಪದರ ಎಳೆಯ ಕಣದಲ್ಲಿ ಇಡಿಯಾಗಿರುತ್ತದೆ, ಕಣ ಬಲಿತಂತೆ ಮಣ್ಣಿನ ಸೂಕ್ಷ್ಮಜೀವಿಗಳ ಹಾವಳಿಗೆ ಸಿಕ್ಕಿ ಉದುರಿಹೋಗುತ್ತದೆ. ಒಳಗಿನ ಹಾಳೆಹಾಳೆಯಾದ ಪದರದ್ದು ಇದಕ್ಕೆ ತದ್ವಿರುದ್ಧ: ಮೊದಲು ತೆಳ್ಳಗಿದ್ದು, ಒಳಬದಿಯಿಂದ ಹೊಸ ಹಾಳೆಗಳು ಸೇರುತ್ತಾ ದಪ್ಪವಾಗುತ್ತದೆ. ಬಣ್ಣ ಗಾಢವಾಗುವುದೂ ಹೆಚ್ಚಾಗಿ ಇಲ್ಲೇ. ಹಾಗಾಗಿ ಬಿಳಿ, ತಿಳಿಹಳದಿ, ಕಂದು ಕಣಗಳನ್ನು ಬೇರೆ ಬೇರೆ ಸ್ಲೈಡ್‌ಗಳಲ್ಲಿಟ್ಟು ಕ್ರಮವಾಗಿ ಹೋಲಿಸಿ. ಒಂದೇ ಬಲಿತ ಕಣ ನೋಡಿದರೆ ಬೆಳವಣಿಗೆಯ ಅರ್ಧ ಕಥೆ ತಪ್ಪಿಹೋಗುತ್ತದೆ.

ಸ್ಲೈಡ್‌ಗೆ ಪಾಲಿವಿನೈಲ್ ಆಲ್ಕೊಹಾಲ್ 16.6 ಗ್ರಾಂ, ನೀರು 100 ಮಿ.ಲೀ., ಲ್ಯಾಕ್ಟಿಕ್ ಆಮ್ಲ 100 ಮಿ.ಲೀ., ಗ್ಲಿಸರಾಲ್ 10 ಮಿ.ಲೀ. ಸೇರಿಸಿದ ದ್ರವ ಬಳಸಿ. ಇದರ ಜೊತೆಗೆ ಸಮಪ್ರಮಾಣದಲ್ಲಿ ಮೆಲ್ಜರ್ ದ್ರವ (ಅಯೋಡಿನ್ ಇರುವ ಬಣ್ಣಪರೀಕ್ಷೆಯ ದ್ರವ) ಬೆರೆಸಿದ ಇನ್ನೊಂದು ಸ್ಲೈಡನ್ನೂ ಮಾಡಿ. ಕೆಲವು ಪ್ರಭೇದಗಳ ಹೊರಪದರ ಅದರಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುವುದರಿಂದ ಅದರ ಚೂರುಪಾರೂ ಪತ್ತೆಯಾಗುತ್ತದೆ. ಆಮ್ಲ ಕೆಲವು ಪದರಗಳನ್ನು ಉಬ್ಬಿಸುತ್ತದೆ. ಆದ್ದರಿಂದ ದಪ್ಪವನ್ನು ನೀರಿನಲ್ಲಿಟ್ಟ ಕಣದಲ್ಲೇ ಅಳೆಯುವುದು ಒಳ್ಳೆಯದು.

ಕವರ್‌ಸ್ಲಿಪ್ಪನ್ನು ಸೂಜಿಯ ಮೊಂಡು ತುದಿಯಿಂದ ಮೆಲ್ಲಗೆ ಒತ್ತಿ ಕಣವನ್ನು ಬಿರುಕು ಬಿಡಿಸಿ. ಜೋರಾಗಿ ಒತ್ತಿದರೆ ಈರುಳ್ಳಿ ಸಿಪ್ಪೆಯಂತೆ ಹಾಳೆಗಳು ಬಿಚ್ಚಿಕೊಂಡು, ಒಂದೇ ಪದರ ಮೂರ್ನಾಲ್ಕಾಗಿ ಕಾಣುತ್ತದೆ. ಎಣಿಕೆ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಅನುಮಾನ ಬಂದರೆ ಕಣಕ್ಕೆ ಅಂಟಿಕೊಂಡ ತಂತುವಿನ (ಶಿಲೀಂಧ್ರದ ಎಳೆಯ) ಬುಡವನ್ನು 100 ಪಟ್ಟಿನ ಎಣ್ಣೆ ಮಸೂರದಲ್ಲಿ ನೋಡಿ: ಬೀಜಕಣ ಗೋಡೆಯ ನಿಜವಾದ ಪದರ ತಂತುವಿನ ಗೋಡೆಗೂ ಮುಂದುವರಿದಿರುತ್ತದೆ, ಬಲಿತ ಕಣದಲ್ಲಿ ಅಲ್ಲಿಂದ ಉದುರಿರಲೂಬಹುದು.

ಪ್ರಶ್ನೆ: ಯೀಸ್ಟ್ ಬೀಜಕಣದ ಗೋಡೆಯೂ ಹೀಗೆಯೇ ಬೆಳೆಯುತ್ತದೆಯೇ?

ಉತ್ತರ: ಇಲ್ಲ. ಬ್ರೆಡ್ ಯೀಸ್ಟ್ ಆದ ಸ್ಯಾಕರೊಮೈಸಿಸ್ ಸೆರೆವಿಸಿಯೆಯಲ್ಲಿ ಮಿಯೋಸಿಸ್‌ನ (ವರ್ಣತಂತುಗಳ ಸಂಖ್ಯೆ ಅರ್ಧವಾಗುವ ಕೋಶವಿಭಜನೆಯ) ಎರಡನೇ ವಿಭಜನೆಯ ಹೊತ್ತಿಗೆ ನಾಲ್ಕು ಕೋಶಕೇಂದ್ರಗಳಲ್ಲಿ ಒಂದೊಂದನ್ನೂ ಜೋಡಿ ಪೊರೆ ಸುತ್ತುವರಿಯುತ್ತದೆ. ಗೋಡೆ ಕಟ್ಟುವುದು ಆ ಎರಡು ಪೊರೆಗಳ ನಡುವೆ. ಮೊದಲು ಮ್ಯಾನನ್, ಬಳಿಕ ಗ್ಲುಕನ್ (ಎರಡೂ ಸಕ್ಕರೆ ಘಟಕಗಳ ಸರಪಳಿಗಳು). ಆಮೇಲೆ ಹೊರಪೊರೆ ಮಾಯವಾಗಿ, ಕೈಟೋಸಾನ್ ಮತ್ತು ಡೈಟೈರೋಸಿನ್ (ಎರಡು ಟೈರೋಸಿನ್ ಅಮೈನೊ ಆಮ್ಲಗಳು ಬೆಸೆದ ವಸ್ತು) ಪದರಗಳು ಹೊರಗೆ ಕೂರುತ್ತವೆ. ಸಿಎಚ್‌ಎಸ್3 ಕಿಣ್ವ ಕೈಟಿನ್ ತಯಾರಿಸಿದ ಮೇಲೆ ಸಿಡಿಎ1, ಸಿಡಿಎ2 ಕಿಣ್ವಗಳು ಅದನ್ನು ಕೈಟೋಸಾನ್ ಆಗಿ ಬದಲಿಸುತ್ತವೆ. ಸಿಎಚ್‌ಎಸ್3 ಇಲ್ಲದ ತಳಿಯಲ್ಲಿ ಕೈಟೋಸಾನ್ ಮಾತ್ರವಲ್ಲ, ಡೈಟೈರೋಸಿನ್ ಪದರವೂ ಕೂರುವುದಿಲ್ಲ. ನೇರಳಾತೀತ ಬೆಳಕಿನಲ್ಲಿ ಡೈಟೈರೋಸಿನ್ ನೀಲಿಯಾಗಿ ಹೊಳೆಯುವುದರಿಂದ, ಗೋಡೆ ಹೊರಗಿನ ಪದರದವರೆಗೂ ಕಟ್ಟಿದೆಯೇ ಎಂದು ತಿಳಿಯಲು ಅದೇ ಸುಲಭದ ಪರೀಕ್ಷೆ.