ಮೊಂತಿ ಹಬ್ಬದ ಎಲೆಯಲ್ಲಿ ಮೀನೇಕಿಲ್ಲ?

ಪ್ರಶ್ನೆ: ವರ್ಗವಾಗಿ ಶಿವಮೊಗ್ಗದಿಂದ ಮಂಗಳೂರಿಗೆ ಬಂದವಳು ನಾನು. ಸೆಪ್ಟೆಂಬರ್ 8ರಂದು ಪಕ್ಕದ ಮನೆಯ ಕ್ರೈಸ್ತರು ಹಬ್ಬದೂಟಕ್ಕೆ ಕರೆದರು. ಮೀನು, ಮಾಂಸ ಇದ್ದೀತೆಂದು ಹೋದರೆ ಬಾಳೆಲೆ, ಕೆಸುವಿನ ದಂಟು, ಪಾಯಸ! ಚರ್ಚಿನ ಹಬ್ಬಕ್ಕೆ ಈ ಊಟ ಎಲ್ಲಿಂದ ಬಂತು?
– ಒಬ್ಬ ಓದುಗಿ, ಮಂಗಳೂರು

ಉತ್ತರ: ನಿಮಗೆ ನಿರಾಸೆಯಾಗಿದ್ದರೆ ಕ್ಷಮಿಸಿ. ಆ ಒಂದು ದಿನ ನಮ್ಮ ಮನೆಯ ಬೆಕ್ಕಿಗೂ ನಿರಾಸೆಯೇ.

ಅದು ಮಾತೆ ಮರಿಯಳ ಜನ್ಮದಿನ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಿಂದ ‘ಮೊಂತಿ’ ಎಂಬ ಹೆಸರು ಬಂತು. ಅಲ್ಲಿನ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದಾ 1763ರಲ್ಲಿ ಇದನ್ನು ಆರಂಭಿಸಿದರು ಎನ್ನುವುದು ನಮ್ಮವರಲ್ಲಿ ನಡೆದು ಬಂದ ಮಾತು. ಆದರೆ ಅವರು ಆರಂಭಿಸಿದ್ದು ಹಬ್ಬವನ್ನಿರಬಹುದು, ಊಟವನ್ನಲ್ಲ ಎಂದೇ ನಾನು ತಿಳಿದಿದ್ದೇನೆ. ತುಳುವರ ಮನೆಗಳಲ್ಲಿ ತೆನೆ ಕಟ್ಟಿ ‘ಪುದ್ವಾರ್’ ಎಂದು ಹೊಸಕ್ಕಿ ಊಟ ಮಾಡುತ್ತಾರೆ. ಗೋವಾದ ಕ್ರೈಸ್ತರು ಆಗಸ್ಟಿನಲ್ಲೇ ತೆನೆಯ ಹಬ್ಬ ಮಾಡುತ್ತಾರೆ. ನಮ್ಮ ಹಿರಿಯರು ಗೋವಾದಿಂದ ಇತ್ತ ಬರುವಾಗ ಈ ರೂಢಿ ಅವರ ಜೊತೆಗೇ ಬಂದಿರಬೇಕು. ಚರ್ಚು ಅದಕ್ಕೊಂದು ತಾರೀಖು ಕೊಟ್ಟು, ಮರಿಯಳ ಮಡಿಲಿಗೆ ಹಾಕಿತು.

ಮಳೆಗಾಲದಲ್ಲಿ ಮೀನು ಸಿಗುವುದಿಲ್ಲವೆಂದು ಸಸ್ಯಾಹಾರ ಎನ್ನುವವರಿದ್ದಾರೆ. ಒಪ್ಪಲಾರೆ. ಸೆಪ್ಟೆಂಬರ್ ಹೊತ್ತಿಗೆ ದೋಣಿಗಳು ಕಡಲಿಗಿಳಿದಿರುತ್ತವೆ, ಬಂದರಿನಲ್ಲಿ ಬಂಗುಡೆ ರಾಶಿ ಬಿದ್ದಿರುತ್ತದೆ. ಹೊಸ ಬೆಳೆಯ ಮೊದಲ ಊಟ ಹಿತ್ತಿಲದ್ದೇ ಆಗಿರಬೇಕು, ಅಷ್ಟೇ.

ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಒಯ್ದು ಬಾಲ ಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿ ತೆನೆಯನ್ನು ಆಶೀರ್ವದಿಸಿ ಮನೆಗಿಷ್ಟೆಂದು ಹಂಚುತ್ತಾರೆ. ಮಕ್ಕಳಿಗೆ ಕಬ್ಬು. (ಭಕ್ತಿಯಿಂದ ಹೂ ಒಯ್ದೆ ಎಂದು ಸುಳ್ಳು ಹೇಳಲಾರೆ, ನನ್ನ ಕಣ್ಣೆಲ್ಲ ಆ ಕಬ್ಬಿನ ಮೇಲಿತ್ತು.) ಮನೆಯಲ್ಲಿ ಪ್ರಾರ್ಥನೆಯಾದ ಮೇಲೆ ಭತ್ತವನ್ನು ಉಗುರಿನಲ್ಲಿ ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ತೆಗೆದುಕೊಳ್ಳುತ್ತಾರೆ. ಅದು ‘ನೊವೆಂ’, ಎಂದರೆ ಹೊಸತು. ಆಮೇಲೆಯೇ ಎಲೆ ಹಾಕುವುದು.

ಪದಾರ್ಥಗಳ ಲೆಕ್ಕ ಬೆಸವಾಗಿರಬೇಕು: ಮೂರು, ಐದು, ಏಳು, ಒಂಬತ್ತು. ನೀವು ತಿಂದ ಕೆಸುವಿನ ದಂಟಿಗೆ ಅಂಬಟೆ ಬಿದ್ದಿರುತ್ತದೆ, ಆ ಹುಳಿಯಿಲ್ಲದಿದ್ದರೆ ಗಂಟಲು ತುರಿಸೀತು. ಜೊತೆಗೆ ಹೀರೆ, ಬೆಂಡೆ, ಗೇರುಬೀಜ ಹಾಕಿದ ತೊಂಡೆ. ಕೊನೆಗೆ ಹೆಸರುಬೇಳೆ, ಬೆಲ್ಲ, ತೆಂಗಿನ ಹಾಲಿನ ‘ವೋರ್ನ್’. ಕೈ ಬಿಗಿಯಿದ್ದ ಒಂದು ವರ್ಷ ಅಮ್ಮನ ಲೆಕ್ಕ ಆರಕ್ಕೇ ನಿಂತಿತ್ತು. ಉಪ್ಪಿನಕಾಯಿ ಬಡಿಸಿ “ಏಳು” ಎಂದಳು. ಯಾರೂ ತಕರಾರು ಮಾಡಲಿಲ್ಲ.

ಊರಲ್ಲಿಲ್ಲದವರಿಗೂ ಪಾಲು ಇರುತ್ತದೆ. ಅಣ್ಣ ಮುಂಬೈಯಲ್ಲಿದ್ದಾಗ ಅಮ್ಮ ಅವನಿಗೆ ಬರೆಯುತ್ತಿದ್ದುದು ಅಗ್ಗದ ಇನ್‌ಲ್ಯಾಂಡ್ ಪತ್ರದಲ್ಲಿ. ಅದರೊಳಗೆ ಏನನ್ನೂ ಇಡುವಂತಿರಲಿಲ್ಲ. ಹಾಗಾಗಿ ಸೆಪ್ಟೆಂಬರಿನಲ್ಲಿ ಮಾತ್ರ ಲಕೋಟೆ ಕೊಂಡು, ಕಾಗದದ ಮಡಿಕೆಯಲ್ಲಿ ನಾಲ್ಕು ಭತ್ತದ ಕಾಳಿಟ್ಟು ಕಳಿಸುತ್ತಿದ್ದಳು. ಅವನಿದ್ದ ಕೋಣೆಯಲ್ಲಿ ನಾಲ್ವರಿದ್ದರು.