ಬೆಂಕಿ ಹಾಕಿ ತಂಪು ಮಾಡೋ ಮಿಷನ್ನು

ಪ್ರಶ್ನೆ: ಸರ್, ನಮ್ದು ಹಾಸನ ಹತ್ರ ಆಲೂಗಡ್ಡೆ ಬೆಳೆಯೋ ಊರು. ಬಿತ್ತನೆ ಗಡ್ಡೆ ಇಡೋಕೆ ನಾಲ್ಕೈದು ಜನ ಸೇರಿ ಸಣ್ಣದೊಂದು ಕೋಲ್ಡ್ ಸ್ಟೋರೇಜ್ ಮಾಡೋಣ ಅಂತಿದೀವಿ, ಕರೆಂಟ್ ಬಿಲ್ ನೆನೆಸ್ಕೊಂಡ್ರೇ ಭಯ. ಇಂಜಿನಿಯರಿಂಗ್ ಓದ್ತಿರೋ ಅಕ್ಕನ ಮಗ, ಕಾಫಿ ಹೊಟ್ಟು ಉರಿಸಿ ಬಿಸಿನೀರಲ್ಲೇ ತಂಪು ಮಾಡಬಹುದು ಮಾವ, ಅದಕ್ಕೆ ಅಯಾನಿಕ್ ಲಿಕ್ವಿಡ್ ಬಂದಿದೆ ಅಂತಾನೆ. ನಿಜಾನಾ?
– ಓದುಗರೊಬ್ಬರು, ಹಾಸನ

ಉತ್ತರ: ಹುಡುಗನ್ನ ಬೈಬೇಡಿ, ಅರ್ಧ ನಿಜ ಹೇಳಿದಾನೆ. ಬೆಂಕಿಯಿಂದ ತಂಪು ಹೊಸದೇನಲ್ಲ, ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರಲ್ಲೇ ಅಮೋನಿಯಾ ಹಾಕಿ ಮಾಡಿದ್ದ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ತಾನಾಗೇ ನೀರು ಬಿಟ್ಕೊಳತ್ತಲ್ಲ, ಗಾಳಿಯ ತೇವ ಎಳ್ಕೊಂಡು, ಆಟ ಇರೋದೇ ಅಲ್ಲಿ. ಗಾಳಿ ತೆಗೆದ ಪಾತ್ರೆಯಲ್ಲಿ ನೀರು 5 ಡಿಗ್ರಿಗೇ ಕುದಿಯತ್ತೆ, ಕುದಿಯೋಕೆ ಬೇಕಾದ ಶಾಖ ಸುತ್ತಮುತ್ತಲಿಂದ ಎಳ್ಕೊಳತ್ತೆ, ಅದೇ ತಂಪು. ಆ ಆವೀನ ಪಕ್ಕದಲ್ಲಿರೋ ಲಿಥಿಯಂ ಬ್ರೋಮೈಡ್ ಉಪ್ಪಿನ ದ್ರಾವಣ ಕುಡಿಯತ್ತೆ, ಕುಡಿದು ತೆಳ್ಳಗಾದ್ಮೇಲೆ 80-90 ಡಿಗ್ರಿ ಬಿಸಿನೀರಿಂದ ಕಾಯಿಸಿ ನೀರು ಬಿಡಿಸಿದ್ರೆ ಮತ್ತೆ ರೆಡಿ. 1 ಕಿಲೋವ್ಯಾಟ್ ಶಾಖಕ್ಕೆ ಹೆಚ್ಚುಕಮ್ಮಿ 0.7 ಕಿಲೋವ್ಯಾಟ್ ತಂಪು. ತೊಂದರೆ ಏನಂದ್ರೆ ದ್ರಾವಣ ಗಟ್ಟಿಯಾದಾಗ ಉಪ್ಪು ಹರಳು ಕಟ್ಟಿ ಪೈಪ್ ಬ್ಲಾಕ್ ಆಗತ್ತೆ, ಕಬ್ಬಿಣಾನೂ ತಿನ್ನತ್ತೆ.

ಅಯಾನಿಕ್ ಲಿಕ್ವಿಡ್ ಅಂದ್ರೆ 100 ಡಿಗ್ರಿಯೊಳಗೇ ದ್ರವವಾಗಿರೋ ಉಪ್ಪು. 1914ರಲ್ಲಿ ಪಾಲ್ ವಾಲ್ಡೆನ್ ವರದಿ ಮಾಡಿದ ಉಪ್ಪಂತೂ 12 ಡಿಗ್ರಿಗೇ ಕರಗಿರತ್ತೆ. ಇಂಥವು ಆವಿಯಾಗಲ್ಲ, ನೀರು ಚೆನ್ನಾಗಿ ಕುಡಿಯೋ ಕೆಲವು ಹರಳೂ ಕಟ್ಟಲ್ಲ, ಅದೇ ಆಸೆ. ಆದ್ರೆ ಮಂದ ಜಾಸ್ತಿ, ಜೋನಿಬೆಲ್ಲದ ಥರ, ನೀರು ಒಳಗಿಳಿಯೋದು ನಿಧಾನ, ದ್ರಾವಣಾನೂ ಜಾಸ್ತಿ ಸುತ್ತಿಸಬೇಕು, ರೇಟೂ ದುಬಾರಿ. ಸದ್ಯಕ್ಕೆ ಹೆಚ್ಚಿನ ಕೆಲಸ ಲ್ಯಾಬಲ್ಲೇ.

ಇದೆಲ್ಲ ಹಾಳಾಗ್ಲಿ ಅಂದ್ರೂ ನಿಮ್ಮ ಕೇಸಲ್ಲಿ ಬೇರೇನೇ ತಕರಾರಿದೆ, ನೋಡಿ. ಉಪ್ಪು ಯಾವುದೇ ಹಾಕಿ, ತಂಪು ಮಾಡ್ತಿರೋದು ನೀರೇ, ಮತ್ತೆ ನೀರು 0 ಡಿಗ್ರಿಗೆ ಹೆಪ್ಪುಗಟ್ಟತ್ತೆ. ಬಿತ್ತನೆ ಗಡ್ಡೆಗೆ 2-4 ಡಿಗ್ರಿ ಬೇಕು, ರೂಮು ಅಷ್ಟಿರ್ಬೇಕಂದ್ರೆ ಒಳಗಿನ ಕಾಯಿಲ್ ಇನ್ನೂ ಕೆಲವು ಡಿಗ್ರಿ ಕೆಳಗಿರ್ಬೇಕು, ಅಲ್ಲಿಗೆ ಕಥೆ ಮುಗೀತು. ನಿಮಗೆ ಬೇಕಾಗಿರೋದು ಕಾರೆಯ ಅಮೋನಿಯಾ-ನೀರಿನ ಜೋಡಿನೇ, ಅದ್ರಲ್ಲಿ ತಂಪು ಮಾಡೋದು ಅಮೋನಿಯಾ, ನೀರು ಅದನ್ನ ಕುಡಿಯತ್ತೆ ಅಷ್ಟೇ, ಹಾಗಾಗಿ ಸೊನ್ನೆ ಕೆಳಗೂ ಇಳಿಯತ್ತೆ, ಆದ್ರೆ ಅಮೋನಿಯಾ ಲೀಕಾದ್ರೆ ವಿಷ, ತಿಳಿದ ಆಪರೇಟರ್ ಇಲ್ದೆ ಮುಟ್ಬೇಡಿ. ಟೊಮೆಟೊ ಇಡೋ 10-12 ಡಿಗ್ರಿ ರೂಮಾದ್ರೆ ಮಾಮೂಲಿ ಲಿಥಿಯಂ ಬ್ರೋಮೈಡ್ ಮಿಷನ್ನೇ ಸಾಕು, ಹೊಟ್ಟು ವರ್ಷಪೂರ್ತಿ ಸಿಗತ್ತಾ ಅಂತ ಮಾತ್ರ ಮೊದ್ಲು ವಿಚಾರಿಸ್ಕೊಳ್ಳಿ.