ಮರದಚ್ಚಿನ ತರಗತಿಗೆ ಸೇರಿದ್ದೇನೆ. ಕೆತ್ತನೆ ಪರವಾಗಿಲ್ಲ, ಆದರೆ ಮುದ್ರಣದಲ್ಲಿ ಬಿಳಿ ಚುಕ್ಕೆ ಬರುತ್ತದೆ, ಎರಡನೇ ಬಣ್ಣ ಜರುಗುತ್ತದೆ. ಏಕೆ? ಮನೆಯಲ್ಲಿ ಅಭ್ಯಾಸಕ್ಕೆ ಯಾವ ಮರ ಕೊಳ್ಳಲಿ?

ನೀವು ಕಲಿಯುತ್ತಿರುವುದು ಜಪಾನಿನ ನೀರುಬಣ್ಣದ ವಿಧಾನ, ಅಂದರೆ ಮೊಕುಹಂಗ ಎಂದುಕೊಂಡು ಉತ್ತರಿಸುತ್ತೇನೆ. ಹಾಗಿದ್ದರೆ ಎರಡೂ ತೊಂದರೆಗೆ ಮೊದಲು ನೋಡಬೇಕಾದ್ದು ಕಾಗದದ ತೇವ. ಇಲ್ಲಿ ಎಣ್ಣೆ ಶಾಯಿಯೂ ಇಲ್ಲ, ರೋಲರೂ ಇಲ್ಲ. ಹಲಗೆಗೆ ಕುಂಚದಿಂದ ಬಣ್ಣ ಉಜ್ಜಿ, ಒದ್ದೆ ಕಾಗದ ಹೊದಿಸಿ, ಹಿಂಬದಿಯಿಂದ ಬ್ಯಾರನ್ ಎಂಬ ಚಪ್ಪಟೆ ದುಂಡು ಬಿಲ್ಲೆಯಲ್ಲಿ ತಿಕ್ಕುತ್ತೇವೆ. ಬಣ್ಣ ಕಾಗದದ ಮೇಲೆ ಕೂರುವುದಿಲ್ಲ, ನಾರಿನೊಳಕ್ಕೆ ಇಳಿಯುತ್ತದೆ. ಕಾಗದ ಒಣಗಿದ್ದರೆ ಇಳಿಯುವುದೆಲ್ಲಿಂದ? ಹೊಸಬರ ತರಗತಿಗಳಲ್ಲಿ ಉಳಿ ಹಿಡಿಯುವುದನ್ನು ಗಂಟೆಗಟ್ಟಲೆ ಹೇಳಿಕೊಟ್ಟು, ತೇವದ ವಿಷಯವನ್ನು ಕೊನೆಗೆ ಅವಸರದಲ್ಲಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ.

ಕಾಗದವನ್ನು ಹಿಂದಿನ ರಾತ್ರಿಯೇ ನೆನೆಸಿಡಿ. ಅಚ್ಚಾಗದ ನ್ಯೂಸ್‌ಪ್ರಿಂಟ್ ಹಾಳೆಗಳಿಗೆ ಅಗಲ ಕುಂಚದಲ್ಲಿ ನೀರು ಸವರಿ, ಒಂದು ಒದ್ದೆ ಹಾಳೆ, ಎರಡು ಮುದ್ರಣದ ಕಾಗದ, ಮತ್ತೊಂದು ಒದ್ದೆ ಹಾಳೆ ಹೀಗೆ ಅಟ್ಟಿ ಪೇರಿಸಿ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮೇಲೆ ಹಲಗೆ, ಭಾರ ಇಡಿ. ಬೆಳಗ್ಗೆ ಕಾಗದ ಕೆನ್ನೆಗೆ ತಣ್ಣಗೆ ತಾಗಬೇಕು, ಆದರೆ ನೀರಿನ ಹೊಳಪು ಕಾಣಬಾರದು. ಹೊಳಪಿದ್ದರೆ ಗೆರೆಗಳ ಅಂಚು ಒಡೆದು ಬಣ್ಣ ಹರಡುತ್ತದೆ. ಕೋಜೊ ಗಿಡದ ನಾರಿನ, ಸೈಸಿಂಗ್ ಆದ, ಅಂದರೆ ತೆಳುವಾಗಿ ಅಂಟು ಸವರಿದ, ವಾಶಿ ಎಂಬ ಜಪಾನಿ ಕಾಗದವೇ ಉತ್ತಮ. ಸೈಸಿಂಗ್ ಇಲ್ಲದ್ದು ತಿಕ್ಕುವಾಗ ಜುಂಗು ಏಳುತ್ತದೆ.

ಇನ್ನು ಬಿಳಿ ಚುಕ್ಕೆ. ಜಪಾನಿಯರು ಇದನ್ನು ಗೋಮಾ-ಜುರಿ ಎನ್ನುತ್ತಾರೆ, ಎಳ್ಳು ಚೆಲ್ಲಿದಂತೆ ಕಾಣುವುದರಿಂದ. ಕೆಲವರು ಬೇಕೆಂದೇ ತರಿಸುವುದೂ ಉಂಟು. ಬೇಡದಿದ್ದಾಗ ಬಂದರೆ ಕಾಗದ ಒಣಗಿರಬೇಕು, ಅಂಟು ಕಡಿಮೆಯಾಗಿರಬೇಕು, ಇಲ್ಲವೇ ಒತ್ತಡ ಸಾಲದಿರಬೇಕು. ಅಂಟು ಮನೆಯಲ್ಲೇ ಆಗುತ್ತದೆ: ಒಂದು ಚಮಚ ಅಕ್ಕಿ ಹಿಟ್ಟು, ಐದು ಚಮಚ ನೀರು, ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಪಾರದರ್ಶಕವಾಗುವವರೆಗೆ ಕೈಯಾಡಿಸಿ. ಅಂಗೈ ಅಗಲದ ಜಾಗಕ್ಕೆ ಬಟಾಣಿ ಗಾತ್ರದಷ್ಟು ಸಾಕು. ಹಲಗೆಯ ಮೇಲೆ ಬಣ್ಣ ಮತ್ತು ಅಂಟು ಎರಡನ್ನೂ ಇಟ್ಟು ಕುಂಚದಿಂದ ಮೊದಲು ಸುತ್ತಲೂ ಉಜ್ಜಿ, ಕೊನೆಗೆ ಮರದ ಎಳೆಯ ದಿಕ್ಕಿಗೆ ಹಗುರವಾಗಿ ಎಳೆಯಿರಿ. ಅಂಟು ಹೆಚ್ಚಾದರೆ ಕುಂಚದ ಗುರುತು ಮೂಡುತ್ತದೆ, ಕಾಗದ ಹಲಗೆಗೆ ಕಚ್ಚಿಕೊಳ್ಳುತ್ತದೆ. ಮುದ್ರಿಸುವ ಮೊದಲು ಹಲಗೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿಡಿ. ಹಾಗೆ ಮಾಡಿದರೂ ಮೊದಲ ಮೂರ್ನಾಲ್ಕು ಪ್ರತಿ ಪೇಲವವಾಗಿಯೇ ಬರುತ್ತವೆ, ಮರ ಬಣ್ಣ ಕುಡಿಯುವವರೆಗೆ. ಅವುಗಳಿಗೆ ಅಗ್ಗದ ಕಾಗದ ಬಳಸಿ. ಬ್ಯಾರನ್ ಇಲ್ಲದಿದ್ದರೆ ಮರದ ಸೌಟಿನ ಬೆನ್ನಿನಲ್ಲಿ ಗೆರೆಗಳನ್ನು ತೆಗೆಯಬಹುದು. ಅಗಲವಾದ ಬಣ್ಣಕ್ಕೆ ಅದು ಪಟ್ಟೆಪಟ್ಟೆ ಬಿಡುತ್ತದೆ. ಕಾಗದದ ಬೆನ್ನ ಮೇಲೆ ಬೇಕಿಂಗ್ ಪೇಪರ್ ಹಾಕಿಯೇ ತಿಕ್ಕಿ.

ಬಣ್ಣ ಜರುಗುವುದಕ್ಕೆ ಮೊದಲು ಒಂದು ಪರೀಕ್ಷೆ: ಎಲ್ಲ ಪ್ರತಿಗಳನ್ನೂ ಸಾಲಾಗಿ ಜೋಡಿಸಿ ನೋಡಿ. ಪ್ರತಿಯೊಂದರಲ್ಲೂ ಒಂದೇ ಕಡೆಗೆ, ಒಂದೇ ಅಳತೆ ಜರುಗಿದ್ದರೆ ತಪ್ಪು ಹಲಗೆಯ ಕೆಂತೊದಲ್ಲಿದೆ. ಒಂದೊಂದು ಒಂದೊಂದು ಕಡೆಗಿದ್ದರೆ ಕೈಯದು, ಇಲ್ಲವೇ ಕಾಗದದ್ದು. ಕೆಂತೊ ಎಂದರೆ ಕಾಗದ ಕೂರಿಸಲು ಹಲಗೆಯಲ್ಲೇ ಕೆತ್ತುವ ಎರಡು ಕಚ್ಚುಗಳು. ಬಲ ಮೂಲೆಯದು ಕಾಗದದ ಮೂಲೆಗೆ, ಎಡಕ್ಕಿರುವುದು ಆ ಮೂಲೆಯಿಂದ ಎಡಕ್ಕೆ ಹೋಗುವ ಅಂಚಿಗೆ. ಆಳ ಸುಮಾರು ಒಂದು ಮಿಲಿಮೀಟರ್ ಇರಲಿ, ಗೋಡೆ ನೆಟ್ಟಗಿರಲಿ, ತಳ ಸಮವಾಗಿರಲಿ. ಮೊದಲು ಬಲ ಮೂಲೆ, ಆಮೇಲೆ ಎಡ, ಕೊನೆಗೆ ಕಾಗದ ಬಿಡಿ. ಒಂದೇ ಅಳತೆಯ ತಪ್ಪಾದರೆ ಗೋಡೆಯನ್ನು ತುಸು ಹೆರೆಯಿರಿ, ಇಲ್ಲವೇ ಮರದ ಚೂರು ಅಂಟಿಸಿ. ಎರಡನೇ ಹಲಗೆಗೆ ಚಿತ್ರ ಇಳಿಸುವಾಗ ಗೆರೆಯ ಹಲಗೆಯನ್ನು ಕೆಂತೊ ಸಮೇತ ತೆಳು ಕಾಗದಕ್ಕೆ ಮುದ್ರಿಸಿ, ಅದನ್ನೇ ಬೋರಲಾಗಿ ಅಂಟಿಸಿ ಕೆತ್ತಿದರೆ ಈ ತಪ್ಪು ಬಹುಮಟ್ಟಿಗೆ ಬರುವುದೇ ಇಲ್ಲ.

ಅಳತೆ ಬದಲಾಗುತ್ತಿದ್ದರೆ ಕಾಗದ ಒಣಗಿ ಕುಗ್ಗುತ್ತಿದೆ ಎಂದೇ ಮೊದಲ ಅನುಮಾನ. ಫ್ಯಾನ್ ಆರಿಸಿ. ಒಂದು ಪ್ರತಿ ಮುಗಿದ ಕೂಡಲೇ ಮತ್ತೆ ಒದ್ದೆ ಅಟ್ಟಿಯೊಳಗೆ ಸೇರಿಸಿ, ಎಲ್ಲ ಬಣ್ಣಗಳೂ ಆಗುವವರೆಗೆ ಒಣಗಲು ಬಿಡಬೇಡಿ. ನಮ್ಮ ಹವೆಯಲ್ಲಿ ಮೂರ್ನಾಲ್ಕು ದಿನಕ್ಕೆ ಬೂಸ್ಟು ಹಿಡಿಯಬಹುದು. ನಡುವೆ ಬಿಡುವು ಬೇಕಾದರೆ ಅಟ್ಟಿಯನ್ನು ಫ್ರಿಜ್‌ನಲ್ಲಿಡಿ.

ಮರದ ವಿಷಯಕ್ಕೆ ಬಂದರೆ, ಜಪಾನಿನಲ್ಲಿ ಹಳಬರದು ಕಾಡು ಚೆರಿ ಮರ, ಕಲಿಯುವವರದು ಶಿನಾ, ಅಂದರೆ ಜಪಾನಿನ ಲಿಂಡೆನ್ ಮರದ ಪ್ಲೈವುಡ್. ಶಿನಾ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಬಡಗಿ ಅಂಗಡಿಯ ಮಾಮೂಲಿ ಪ್ಲೈನಲ್ಲಿ ಮೇಲ್ಪದರ ತೀರಾ ತೆಳು, ಸಣ್ಣ ಗೆರೆ ಸಿಬಿರೆದ್ದು ಹೋಗುತ್ತದೆ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ನೀರುಬಣ್ಣ ಸಮನಾಗಿ ಹಿಡಿಯುವುದಿಲ್ಲ. ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ, ನೀರಿಗೆ ಉಬ್ಬುತ್ತದೆ, ಬೇಡವೇ ಬೇಡ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರದ ಎಳೆ ಬಲು ನಯ. ಅಗಲ ಹಲಗೆ ಸಿಗುವುದು ಕಷ್ಟ, ಆದರೆ ಅಂಚೆ ಕಾರ್ಡಿನಷ್ಟು ಅಚ್ಚಿಗೆ ಒಂದು ಚೂರು ತಂದು ಕೆತ್ತಿ ನೋಡಬಹುದು.